ಕ್ಯಾಮೆರಾ ಸರಿಸಿದೆವು, ಲೈನ್ ಸರಿಸಲಿಲ್ಲ: ಮಲೆಕಾಡಿನ ಒಂದು ಬೇಸಿಗೆ ಸರ್ವೆ

ಪಶ್ಚಿಮ ಘಟ್ಟದ ಒಂದು ಅರಣ್ಯ ವಲಯದಲ್ಲಿ ನಡೆದ ವನ್ಯಪ್ರಾಣಿ ಸರ್ವೆಯ ವಿವರ ಇದು. ವಲಯದ ಹೆಸರಾಗಲಿ ಜನರ ಹೆಸರಾಗಲಿ ಹೇಳುವುದಿಲ್ಲ. ಗುರುತು ಸಿಗುವಂಥ ಸಣ್ಣಪುಟ್ಟ ವಿವರಗಳನ್ನೂ ಬದಲಿಸಿದ್ದೇನೆ. ಘಟ್ಟದಲ್ಲಿ ಕೆಲಸ ಮಾಡಿದ ಯಾರಿಗಾದರೂ ಓದುವಾಗ "ಇದು ನಮ್ಮ ರೇಂಜೇ ಅಲ್ವಾ?" ಅನ್ನಿಸಬಹುದು. ಅನ್ನಿಸಲಿ, ಅಲ್ಲೂ ಹೀಗೇ ಆಗಿರುತ್ತದೆ.

ಸರ್ವೆ ಶುರುವಾದ ಮೇಲೆ ಕಾಡು ನಮ್ಮ ಲೆಕ್ಕದ ಹಾಗೆ ಇಲ್ಲ ಅಂತ ಗೊತ್ತಾಗುತ್ತದೆ. ಆಗ ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು? ಈ ಪ್ರಕರಣದಲ್ಲಿ ಆ ಪ್ರಶ್ನೆ ಮತ್ತೆ ಮತ್ತೆ ಎದುರಾಯಿತು. ಬರೆಯಲು ಕೂತಿದ್ದೂ ಅದಕ್ಕೇ.

ಕಾಡು, ಕಾಲ, ಕೆಲಸ

ವಲಯದಲ್ಲಿ ಮೂರು ಬ್ಲಾಕ್. ಕೆಳಗಿನದು ಅರೆ ನಿತ್ಯಹರಿದ್ವರ್ಣ ಕಾಡು. ಹಿಂದೆ ಮರ ಸಾಗಿಸುತ್ತಿದ್ದ ಲಾರಿ ದಾರಿಗಳು ಅಲ್ಲಿ ಇನ್ನೂ ಉಳಿದಿವೆ. ನಡುವಿನದು ಕಡಿದಾದ ಇಳಿಜಾರು, ದಟ್ಟ ಕಾಡು, ತುಂಬಾ ಬೆತ್ತ ಮತ್ತು ಓಟೆ ಬಿದಿರು. ದಾರಿ ಅನ್ನುವಂಥದ್ದೇ ಇಲ್ಲ. ಮೇಲಿನದು ಶೋಲಾ, ಅಂದರೆ ಗುಡ್ಡದ ಮಡಿಕೆಗಳಲ್ಲಿ ಬೆಳೆಯುವ ಗಿಡ್ಡ ಮರಗಳ ಕಾಡು. ಅದರ ಸುತ್ತ ಬ್ಯಾಣ, ಅಂದರೆ ಗುಡ್ಡದ ಹುಲ್ಲುಗಾವಲು. ಮೇಲಕ್ಕೆ ಹೋಗಲು ಇರುವುದು ಒಂದೇ ದಾರಿ, ಕೆಳಗಿನ ಬ್ಲಾಕ್ ದಾಟಿಯೇ ಹೋಗಬೇಕು. ಇದು ಮುಂದೆ ದೊಡ್ಡ ವಿಷಯವಾಗುತ್ತದೆ, ನೆನಪಿಟ್ಟುಕೊಳ್ಳಿ.

ಈ ಕಾಡುಗಳಲ್ಲಿ ಸರ್ವೆಗೆ ಸಿಗುವ ಕಾಲ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಆಮೇಲೂ ಹಳ್ಳಗಳು ಇಳಿಯಬೇಕು. ಡಿಸೆಂಬರ್‌ನಲ್ಲಿ ಶುರು ಮಾಡಿದರೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬೀಳುವ ಮೊದಲು ಮುಗಿಸಬೇಕು. ಬ್ಯಾಣಕ್ಕೆ ಬೆಂಕಿ ಬೀಳುವುದು ಇದೇ ಕಾಲದಲ್ಲಿ. ರಕ್ತ ಹೀರುವ ಉಣುಗು (ಉಣ್ಣೆ) ಏಳುವುದೂ ಇದೇ ಕಾಲದಲ್ಲಿ.

ಕೆಲಸ ಮೂರು ಬಗೆಯದು. ಮೊದಲನೆಯದು ಕುರುಹು ಹುಡುಕುವ ನಡಿಗೆ: ಹೆಜ್ಜೆ, ಹಿಕ್ಕೆ, ಕೆರೆದ ಗುರುತು. ರಾಷ್ಟ್ರೀಯ ಹುಲಿ ಗಣತಿಯಲ್ಲಿ ಒಂದು ಬೀಟ್‌ಗೆ, ಅಂದರೆ ಒಬ್ಬ ಗಾರ್ಡ್ ನೋಡಿಕೊಳ್ಳುವ ಕಾಡಿನ ತುಂಡಿಗೆ, 15 ಕಿಲೋಮೀಟರ್ ಹೀಗೆ ನಡೆಯುತ್ತಾರೆ, ದಿನಕ್ಕೆ 5 ಕಿಲೋಮೀಟರ್‌ನಂತೆ. ಎರಡನೆಯದು ಟ್ರಾನ್ಸೆಕ್ಟ್. ಅದನ್ನು ಎಲ್ಲರೂ ಲೈನ್ ಅಂತಲೇ ಕರೆಯುತ್ತಾರೆ. ನಕ್ಷೆಯ ಮೇಲೆ ಮೊದಲೇ ಎಳೆದ 2 ಕಿಲೋಮೀಟರ್ ನೇರ ಗೆರೆ. ಬೆಳಕು ಹರಿಯುವ ಹೊತ್ತಿಗೆ ಇಬ್ಬರು ಸದ್ದಿಲ್ಲದೆ ನಡೆಯಬೇಕು. ಪ್ರಾಣಿ ಕಂಡರೆ ಯಾವುದು, ಎಷ್ಟು, ಎಷ್ಟು ದೂರ, ಯಾವ ಕೋನದಲ್ಲಿ ಅಂತ ದೂರ ಅಳೆಯುವ ರೇಂಜ್‌ಫೈಂಡರ್ ಮತ್ತು ಕಂಪಾಸ್ ಹಿಡಿದು ಬರೆಯಬೇಕು. ಮೂರನೆಯದು ಕ್ಯಾಮೆರಾ ಟ್ರ್ಯಾಪ್, ಪ್ರಾಣಿ ಎದುರು ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ. ಕಾಡನ್ನು 2 ಚದರ ಕಿಲೋಮೀಟರ್‌ನ ಚೌಕಗಳಾಗಿ ಮಾಡಿಕೊಂಡು, ಚೌಕಕ್ಕೊಂದು ಜಾಗದಲ್ಲಿ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುತ್ತಾರೆ. ಹುಲಿಯ ಎಡ ಮಗ್ಗುಲ ಪಟ್ಟೆ ಬೇರೆ, ಬಲ ಮಗ್ಗುಲ ಪಟ್ಟೆ ಬೇರೆ. ಹಾಗಾಗಿ ಎರಡೂ ಬೇಕು. ಪಟ್ಟೆ ನೋಡಿ ಹುಲಿ ಎಣಿಸುವ ಈ ಕ್ರಮವನ್ನು 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಮಾಡಿ ತೋರಿಸಿದರು. ಅದಕ್ಕೂ ಮೊದಲು ಗಾಜಿನ ಮೇಲೆ ಹೆಜ್ಜೆ ಗುರುತು ಬಿಡಿಸಿಕೊಂಡು ಎಣಿಸುತ್ತಿದ್ದ ಕಾಲವನ್ನು ಹಳೆಯ ವಾಚರ್‌ಗಳು ಈಗಲೂ ನಗುತ್ತಾ ಹೇಳುತ್ತಾರೆ.

ತಂಡದಲ್ಲಿ ಯುವ ಜೀವಶಾಸ್ತ್ರಜ್ಞೆ ಒಬ್ಬರು, ಅವರ ಸಹಾಯಕ, ಬೀಟ್ ಗಾರ್ಡ್‌ಗಳು, ವಾಚರ್‌ಗಳು. ಎಲ್ಲರನ್ನೂ ಹೊಂದಿಸುವ ಕೆಲಸ ನನ್ನದು. ವಾಚರ್‌ಗಳಲ್ಲಿ ಹಿರಿಯರೊಬ್ಬರಿದ್ದರು. ಅದೇ ಕಾಡಂಚಿನ ಊರಿನವರು. ಅವರನ್ನು ಇಲ್ಲಿ ಅಣ್ಣ ಅಂತಲೇ ಕರೆಯುತ್ತೇನೆ, ಎಲ್ಲರೂ ಹಾಗೇ ಕರೆಯುತ್ತಿದ್ದರು.

ಎಲ್ಲ ಖಾಲಿ

ಮೊದಲ ಸುತ್ತಿನಲ್ಲಿ ಕೆಳಗಿನ ಬ್ಲಾಕ್ ಪರವಾಗಿಲ್ಲ ಅನ್ನುವಂತಿತ್ತು. ಕಡವೆ, ಕಾಡುಕುರಿ, ಕಾಟಿ ಕಂಡವು. ನಡುವಿನ ಬ್ಲಾಕ್‌ನಲ್ಲಿ ಏನೂ ಇಲ್ಲ. ಲೈನ್ ನಡೆದು ಬಂದವರ ಹಾಳೆಯಲ್ಲಿ ಕೆಂಜಳಿಲು, ಒಮ್ಮೊಮ್ಮೆ ಸಿಂಗಳೀಕ. ಗೊರಸಿನ ಪ್ರಾಣಿ ಇಲ್ಲವೇ ಇಲ್ಲ ಅನ್ನಬೇಕು. ಪೊದೆ ಅಲ್ಲಾಡಿದ ಸದ್ದು ಮಾತ್ರ ಕೇಳುತ್ತಿತ್ತು. ಸದ್ದಿಗೆ ದೂರ ಅಳೆಯುವುದು ಹೇಗೆ? ಕ್ಯಾಮೆರಾಗಳಲ್ಲೂ ಅದೇ ಕಥೆ. ಮುಳ್ಳುಹಂದಿ, ಪುನುಗುಬೆಕ್ಕು, ಮತ್ತೆ ನಮ್ಮದೇ ವಾಚರ್‌ಗಳ ಕಾಲು.

ಇಂಥ ಕಡೆ ಬಂಡೀಪುರ, ನಾಗರಹೊಳೆಯ ಹೋಲಿಕೆ ಬಂದೇ ಬರುತ್ತದೆ. ಅವು ಎಲೆ ಉದುರುವ ಕಾಡು. ದೂರದವರೆಗೆ ಕಾಣುತ್ತದೆ, ಜೀಪ್ ದಾರಿ ಇದೆ, ಚುಕ್ಕೆ ಜಿಂಕೆ ಹಿಂಡು ಹಿಂಡಾಗಿ ಸಿಗುತ್ತದೆ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿ ಅಂತ ಬಂದಾಗ ಎಲ್ಲರ ಕಣ್ಣಿಗೆ ಕಟ್ಟಿದ್ದು ಅಂಥ ಕಾಡೇ. ದಟ್ಟ ಮಲೆಕಾಡಿನಲ್ಲಿ ಜಿಂಕೆ ಹಿಂಡು ಇರುವುದಿಲ್ಲ, ಇರುವ ಪ್ರಾಣಿ ಕಾಣುವುದಿಲ್ಲ. ಆದರೂ ಮೇಲಿನಿಂದ ಫೋನ್ ಬರುತ್ತದೆ: "ಏನ್ರೀ, ಏನೂ ಸಿಗ್ತಿಲ್ವಂತೆ?"

ಆ ಫೋನ್‌ಗಳ ಬೆನ್ನಿಗೇ ಒಂದು ಬೀಟ್‌ನಿಂದ ಸಕ್ಕತ್ತಾದ ಹಾಳೆ ಬಂತು. ಒಂದೇ ಬೆಳಿಗ್ಗೆ ಕಡವೆ, ಕಾಡುಹಂದಿ, ಬರ್ಕ, ಎಲ್ಲ ಕಂಡಿವೆ. ಜೀವಶಾಸ್ತ್ರಜ್ಞೆ ಹಾಳೆಯನ್ನು ತುಂಬಾ ಹೊತ್ತು ನೋಡಿದರು. ದೂರಗಳೆಲ್ಲ 10, 20, 40. ಕೋನಗಳೆಲ್ಲ 30, 45, 60. ರೇಂಜ್‌ಫೈಂಡರ್ ಹಿಡಿದವರಿಗೆ 17, 23 ಅಂಥ ಅಂಕೆಗಳೂ ಬರಬೇಕು. ಅದಕ್ಕಿಂತ ಹೆಚ್ಚಾಗಿ, ಬರ್ಕ ಕಂಡಿದ್ದು 40 ಮೀಟರ್ ದೂರದಲ್ಲಿ. ಬರ್ಕ ಇರುವುದು ಮೊಲದಷ್ಟು. ಆ ಓಟೆಯ ಹಿಂಡಿಲಲ್ಲಿ 40 ಮೀಟರ್ ದೂರದಲ್ಲಿ ಆನೆ ನಿಂತಿದ್ದರೂ ಕಾಣುವುದಿಲ್ಲ.

ಇಲ್ಲಿ ಬೈದು ನೋಟಿಸ್ ಕೊಡುವುದು ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಆ ಗಾರ್ಡ್ ಜೊತೆ ಅದೇ ಲೈನ್‌ಗೆ ಹೋದರು. ಒಂದು ಗೋಣಿಚೀಲವನ್ನು ಗಿಡಕ್ಕೆ ಕಟ್ಟಿ, "ಎಲ್ಲಿವರೆಗೆ ಕಾಣುತ್ತೆ ಅಂತ ಹಿಂದೆ ಹಿಂದೆ ನಡೀತಾ ಹೇಳಿ" ಅಂದರು. 15 ಮೀಟರ್ ದಾಟುವಷ್ಟರಲ್ಲಿ ಗೋಣಿ ಮಾಯ. ಗಾರ್ಡ್‌ಗೆ ನಗು ಬಂತು. ಆಮೇಲೆ ಇದ್ದದ್ದನ್ನು ಹೇಳಿದರು: "ಸೊನ್ನೆ ಬರೆದ್ರೆ ಕಾಡಿಗೆ ಹೋಗೇ ಇಲ್ಲ ಅಂತಾರೆ ಮೇಡಂ. ಮೂರು ದಿನ ಸೊನ್ನೆ ಬರೆದವರನ್ನ ಮೀಟಿಂಗಲ್ಲಿ ನಿಲ್ಲಿಸಿದ್ರು."

ಇಡೀ ಸರ್ವೆಯ ಮೊದಲ ತಿರುವು ಇದು ಅಂತ ನನ್ನ ಲೆಕ್ಕ. ಆ ಹಾಳೆಗೆ ಕಾರಣ ಗಾರ್ಡ್‌ನ ಸೋಮಾರಿತನವಲ್ಲ. ಸೊನ್ನೆಗೆ ಶಿಕ್ಷೆ ಇದ್ದ ಕಡೆ ಸೊನ್ನೆ ಯಾರು ಬರೆಯುತ್ತಾರೆ? ವಲಯದ ಅಧಿಕಾರಿ ಆರ್‌ಎಫ್‌ಒ ಜೊತೆ ಕೂತು ಮಾತಾಡಿದೆವು. ಅವರು ತಕ್ಷಣ ಒಪ್ಪಿ ಒಂದು ನಿಯಮ ಮಾಡಿದರು. ಜಿಪಿಎಸ್ ಟ್ರ್ಯಾಕ್ ಜೊತೆಗಿದ್ದರೆ ಸೊನ್ನೆ ಹಾಳೆಯೂ ಪೂರ್ತಿ ಕೆಲಸ. ಟ್ರ್ಯಾಕ್ ಇಲ್ಲದಿದ್ದರೆ ಹತ್ತು ಕಡವೆ ಕಂಡಿದ್ದರೂ ಆ ಹಾಳೆ ಲೆಕ್ಕಕ್ಕಿಲ್ಲ. ಅನುಮಾನದ ಹಾಳೆಯನ್ನು ಪಕ್ಕಕ್ಕಿಟ್ಟು ಆ ಲೈನ್ ಮತ್ತೆ ನಡೆಸಿದೆವು. ಸೊನ್ನೆಯೇ ಬಂತು. ಮುಂದಿನ ವಾರದಿಂದ ಬೇರೆ ಬೀಟ್‌ಗಳ ಹಾಳೆಗಳಲ್ಲೂ ಸೊನ್ನೆ ಜಾಸ್ತಿಯಾಯಿತು. ನಮಗೆ ಅದು ಒಳ್ಳೆಯ ಸುದ್ದಿಯೇ.

ಅಣ್ಣನ ಎರಡು ಸಲಹೆ

ಕ್ಯಾಮೆರಾ ಜಾಗಗಳನ್ನು ಮೊದಲು ನಕ್ಷೆ ನೋಡಿ ಆರಿಸಿದ್ದೆವು. ಕೆಳಗಿನ ಬ್ಲಾಕ್‌ನಲ್ಲಿ ಲಾರಿ ದಾರಿಗಳು ಸಿಕ್ಕವು, ಅಲ್ಲಿ ಚೆನ್ನಾಗೇ ನಡೆಯಿತು. ನಡುವಿನ ಬ್ಲಾಕ್‌ನಲ್ಲಿ ದಾರಿ ಇಲ್ಲದ್ದಕ್ಕೆ ಹಳ್ಳಗಳ ಜಾಡು ಹಿಡಿದಿದ್ದೆವು. ಎಲೆ ಉದುರುವ ಕಾಡಿನಲ್ಲಿ ಬೇಸಿಗೆಯ ಒಣ ಹಳ್ಳ ಪ್ರಾಣಿಗಳಿಗೆ ಹೆದ್ದಾರಿ ಇದ್ದಂತೆ. ಇಲ್ಲೂ ಹಾಗೇ ಇರಬೇಕು ಅಂದುಕೊಳ್ಳುವುದು ಸಹಜ.

ಅಣ್ಣ ಒಪ್ಪಲಿಲ್ಲ. "ಇಲ್ಲಿ ಹಳ್ಳ ಅಂದ್ರೆ ಪಾಚಿ ಹಿಡಿದ ಬಂಡೆ ಮೇಡಂ. ಕಾಲು ಜಾರುತ್ತೆ ಅಂತ ನಾವೇ ಇಳಿಯಲ್ಲ. ಹುಲಿ ಯಾಕೆ ಇಳಿಯುತ್ತೆ? ಗುಡ್ಡದ ನೆತ್ತಿ ಮೇಲೆ ನೋಡಿ."

ಅವರು ಕರೆದುಕೊಂಡು ಹೋಗಿದ್ದು ಎರಡು ಗುಡ್ಡಗಳ ನಡುವಿನ ಕಣಿವೆ ಸಂದಿಗೆ. ಎರಡೂ ಕಡೆಯ ನೆತ್ತಿ ದಾರಿಗಳು ಇಳಿದು ಅಲ್ಲಿ ಸೇರುತ್ತವೆ. ಆನೆಗಳು ನಡೆದು ನಡೆದು ನೆಲ ಗಟ್ಟಿಯಾಗಿತ್ತು. ಒಂದು ಮರದ ತೊಗಟೆ ನಮ್ಮ ತಲೆಗಿಂತ ಮೇಲೆ ಉದ್ದಕ್ಕೆ ಸೀಳಿತ್ತು, ಹಳೆಯ ಗೀರು ಕಪ್ಪಗೆ, ಹೊಸ ಗೀರು ಕೆಂಪಗೆ. ಬುಡದಲ್ಲಿ ಎಲೆಗಳನ್ನು ಹಿಂದಕ್ಕೆ ಕೆರೆದು ಹಸಿ ಮಣ್ಣು ತೆರೆದಿತ್ತು. ಅಣ್ಣ ಪಕ್ಕದ ಗಿಡದ ಎಲೆಯೊಂದನ್ನು ತಿರುಗಿಸಿ ಮೂಗಿಗೆ ಹಿಡಿದು ನಮಗೂ ಕೊಟ್ಟರು. ಗಂಧಸಾಲೆ ಅಕ್ಕಿ ಬೇಯುವಾಗ ಬರುತ್ತದಲ್ಲ, ಹಾಗೆ. ಹುಲಿ ಗುರುತಿಗಾಗಿ ಸಿಂಪಡಿಸುವ ದ್ರವದಲ್ಲೂ ಪರಿಮಳದ ಅಕ್ಕಿಯಲ್ಲೂ ಇರುವುದು ಒಂದೇ ರಾಸಾಯನಿಕ.

ನಡುವಿನ ಬ್ಲಾಕ್‌ನ ಹಳ್ಳದ ಕ್ಯಾಮೆರಾಗಳನ್ನೆಲ್ಲ ಬಿಚ್ಚಿ ಅದೇ ಚೌಕಗಳೊಳಗೆ ನೆತ್ತಿ ಮತ್ತು ಸಂದುಗಳಿಗೆ ಸರಿಸಿದೆವು. ಇದಕ್ಕೆ ಯಾರೂ ತಕರಾರು ಮಾಡಲಿಲ್ಲ, ಮಾಡುವಂತೆಯೂ ಇರಲಿಲ್ಲ. ಹುಲಿ, ಚಿರತೆಗಳನ್ನು ಒಂದೊಂದಾಗಿ ಗುರುತಿಸಿ, ಯಾವುದು ಎಷ್ಟು ಸಲ ಸಿಕ್ಕಿತು ಅನ್ನುವುದರ ಮೇಲೆ ಲೆಕ್ಕ ಹಾಕುವ ವಿಧಾನ ಅದು. ಚೌಕದೊಳಗೆ ಪ್ರಾಣಿ ಸಿಗುವ ಅತಿ ಒಳ್ಳೆಯ ಜಾಗದಲ್ಲೇ ಕ್ಯಾಮೆರಾ ಇರಬೇಕು.

ಎರಡನೆಯ ಸಲಹೆಗೆ ಮಾತ್ರ ದೊಡ್ಡ ಚರ್ಚೆ ನಡೆಯಿತು. "ಲೈನನ್ನೂ ನೆತ್ತಿ ಮೇಲೆ ಹಾಕಿ" ಅಂದರು ಅಣ್ಣ. "ಆ ಇಳಿಜಾರಿನಲ್ಲಿ ಯಾವ ಪ್ರಾಣಿ ನಿಲ್ಲುತ್ತೆ? ಸುಮ್ನೆ ಬೆತ್ತದ ಮುಳ್ಳಲ್ಲಿ ಮೈ ಹರ್ಕೊಳ್ಳೋದು."

ಗಾರ್ಡ್‌ಗಳೆಲ್ಲ ಅವರ ಪರ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಎಲ್ಲರ ಮೊಣಕಾಲೂ ಅವರ ಪರವೇ ಇತ್ತು. ಜೀವಶಾಸ್ತ್ರಜ್ಞೆ ಒಬ್ಬರೇ ಬೇಡ ಅಂದರು. ಅವರು ವಿವರಿಸಿದ್ದು ಹೀಗೆ: "ಅಣ್ಣಾ, ಕ್ಯಾಮೆರಾ ಕೇಳೋದು ಯಾರು ಬಂದ್ರು ಅಂತ. ಲೈನ್ ಕೇಳೋದು ಇಡೀ ಕಾಡಲ್ಲಿ ಎಷ್ಟಿವೆ ಅಂತ. ಪ್ರಾಣಿ ಓಡಾಡೋ ದಾರೀಲೇ ನಾವೂ ನಡೆದ್ರೆ ಅಲ್ಲಿ ಕಂಡಿದ್ದನ್ನ ಇಡೀ ಗುಡ್ಡಕ್ಕೆ ಗುಣಿಸಿದ ಹಾಗಾಗುತ್ತೆ. ಸಂತೆ ದಿನ ಪೇಟೇಲಿ ನಿಂತು ಊರಿನ ಜನ ಎಣಿಸ್ತೀವಾ?"

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಆದ್ರೆ ಇಳಿಜಾರಲ್ಲಿ ನಾವು ಮಾಡೋ ಸದ್ದಿಗೇ ಇರೋದೂ ಓಡುತ್ತೆ" ಅಂದರು. ಅದು ಖಂಡಿತ ನಿಜ. ಲೈನ್ ವಿಧಾನ ನಿಂತಿರುವುದೇ ಪ್ರಾಣಿ ನಮ್ಮನ್ನು ಕಂಡು ಸರಿಯುವ ಮೊದಲು ನಾವು ಅದನ್ನು ಕಾಣುತ್ತೇವೆ ಅನ್ನುವ ನಂಬಿಕೆಯ ಮೇಲೆ. ಹಾಗಾಗಿ ಲೈನ್ ಇದ್ದಲ್ಲೇ ಇರಲಿ, ನಡೆಯುವ ರೀತಿ ಬದಲಾಗಲಿ ಅಂತ ತೀರ್ಮಾನವಾಯಿತು. ಕಾಲಿಗೆ ಸಿಗುವ ಬಳ್ಳಿ, ಒಣಗಿದ ಓಟೆಯನ್ನು ಮೊದಲೇ ಸವರಿ, ಕೆಲವು ದಿನ ಯಾರೂ ಕಾಲಿಡದೆ ಬಿಟ್ಟು ಆಮೇಲೆ ನಡೆಯುವುದು. ಬಂಡೆ ಸೀಳು ಅಡ್ಡ ಬಂದರೆ ಸುತ್ತಿ ಬಳಸಿ ಲೈನ್ ಮುಂದುವರಿಸದೆ, ಅಲ್ಲಿಗೇ ನಿಲ್ಲಿಸಿ ನಡೆದಷ್ಟೇ ಉದ್ದ ಬರೆಯುವುದು. ಕುರುಹು ನಡಿಗೆಗೆ ಮಾತ್ರ ಅಣ್ಣ ಹೇಳಿದ ನೆತ್ತಿ ದಾರಿ. ಅದು ಅಂಥ ದಾರಿಯಲ್ಲೇ ನಡೆಯಬೇಕಾದ ಕೆಲಸ.

ಅಣ್ಣನಿಗೆ ಪೂರ್ತಿ ಸಮಾಧಾನವಾಯಿತು ಅಂತ ನನಗನ್ನಿಸುವುದಿಲ್ಲ. ಆದರೂ ಲೈನ್ ಬಿಟ್ಟು ಅವರು ಒಂದು ಹೆಜ್ಜೆ ಆಚೆ ಇಡಲಿಲ್ಲ.

ಸತ್ತ ಮುಸಿಯ

ಕೆಳಗಿನ ಬ್ಲಾಕ್‌ನಲ್ಲಿ ಎರಡನೆಯ ಸುತ್ತಿನ ಲೈನ್ ಶುರುವಾಗುವ ಹೊತ್ತು. ಒಂದು ಲೈನ್‌ನ ಬುಡದಲ್ಲೇ ಸತ್ತ ಮುಸಿಯ ಸಿಕ್ಕಿತು. ಗಾಯವಿಲ್ಲ, ಮರದಿಂದ ಬಿದ್ದ ಗುರುತೂ ಇಲ್ಲ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಬೇಸಿಗೆಯಲ್ಲಿ ತಲೆಯೆತ್ತುತ್ತದೆ. ಹರಡುವುದು ಉಣುಗು. ಮಂಗ ಸತ್ತ ಮೇಲೆ ಮೈಮೇಲಿನ ಉಣುಗು ಇಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತದೆ. ಲೈನ್ ನಡೆಯುವವರು ಉಜ್ಜಿಕೊಂಡು ಹೋಗುವುದೂ ಅದೇ ತರಗೆಲೆ, ಅದೇ ಪೊದೆ.

ಯಾರೂ ಹತ್ತಿರ ಹೋಗಲಿಲ್ಲ. ಜಾಗ ಗುರುತಿಸಿ ಆರೋಗ್ಯ ಇಲಾಖೆಗೂ ಪಶುವೈದ್ಯರಿಗೂ ತಿಳಿಸಿದೆವು. ಅವರು ಬಂದು ಮಾದರಿ ತೆಗೆದರು, ಕಳೇಬರ ಸುಟ್ಟರು, ಸುತ್ತ ಔಷಧದ ಪುಡಿ ಹಾಕಿದರು. ವರದಿ ಬರುವವರೆಗೆ ಏನು ಮಾಡುವುದು?

ಅಂದಿನ ಸಂಜೆಯ ಮಾತುಕತೆ ಬಿಸಿಯಾಗಿತ್ತು. ಪ್ರಾಣಿ ಕಾಣುವುದೇ ಕೆಳಗಿನ ಬ್ಲಾಕ್‌ನಲ್ಲಿ. ಅಲ್ಲಿ ನಿಲ್ಲಿಸಿದರೆ ಲೈನ್ ಲೆಕ್ಕ ಬಿದ್ದೇ ಹೋಗುತ್ತದೆ. ಮೇಲಿನ ಬ್ಲಾಕ್‌ಗೂ ಅದೇ ದಾರಿ, ಅದೂ ಹೋಯಿತು. ಕ್ಯಾಮೆರಾ ಕೆಲಸವನ್ನು ತುಂಬಾ ಎಳೆಯುವಂತೆಯೂ ಇಲ್ಲ. ಆ ಅವಧಿಯಲ್ಲಿ ಹುಲಿ ಹುಟ್ಟಿಲ್ಲ, ಸತ್ತಿಲ್ಲ, ಹೊರಗಿನಿಂದ ಬಂದಿಲ್ಲ ಅನ್ನುವ ಊಹೆಯ ಮೇಲೆ ಲೆಕ್ಕ ನಿಲ್ಲುತ್ತದೆ. ಎಳೆದಷ್ಟೂ ಊಹೆ ಸಡಿಲ. "ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಕೊಂಡು ಹೋಗಿ ಬರ್ತೀವಿ" ಅಂತ ಇಬ್ಬರು ಹುಡುಗರು ಮುಂದೆ ಬಂದರು. ಧೈರ್ಯಕ್ಕೇನೂ ಕಡಿಮೆ ಇರಲಿಲ್ಲ.

ನಾವು ನಿಲ್ಲಿಸಿದೆವು. ಕೆಳಗಿನ ಬ್ಲಾಕ್‌ಗೆ ಯಾರೂ ಹೋಗುವಂತಿಲ್ಲ. ಕೆಳಗಿನ, ಮೇಲಿನ ಕ್ಯಾಮೆರಾಗಳು ಇದ್ದಲ್ಲೇ ಇರಲಿ. ಅವಕ್ಕೆ ಉಣುಗು ಕಚ್ಚುವುದಿಲ್ಲ. ಬ್ಯಾಟರಿ, ಕಾರ್ಡ್ ಮುಗಿದರೆ ಮುಗಿಯಲಿ. ಬೇರೆ ಕಡೆಯಿಂದ ಹೋಗಬಹುದಾದ ನಡುವಿನ ಬ್ಲಾಕ್‌ನಲ್ಲಿ ಮಾತ್ರ ಕೆಲಸ. ಅಲ್ಲೂ ತರಗೆಲೆ ಮೇಲೆ ಕೂರುವಂತಿಲ್ಲ, ಸಂಜೆ ಬಿಸಿನೀರಿನಲ್ಲಿ ಮೈ ತೊಳೆದು ಬಟ್ಟೆ ಬೇರೆ ಇಡಬೇಕು. ದಿನಗೂಲಿ ವಾಚರ್‌ಗಳಿಗೆ ಕೆಲಸ ನಿಂತ ದಿನಗಳ ಕೂಲಿಯೂ ಸಿಗುವಂತೆ ಆರ್‌ಎಫ್‌ಒ ವ್ಯವಸ್ಥೆ ಮಾಡಿದರು. ಈ ಕೊನೆಯದು ಇರದಿದ್ದರೆ ಮೊದಲಿನದೆಲ್ಲ ಬರೀ ಬಾಯಿಮಾತು. ಕೂಲಿ ಇಲ್ಲದೆ ಮನೆಯಲ್ಲಿ ಕೂರು ಅಂದರೆ ಯಾರಾದರೂ ಸೌದೆಗೋ ತರಗೆಲೆಗೋ ಅದೇ ಕಾಡಿಗೆ ಹೋಗುತ್ತಾರೆ.

ದಾರಿ ಮತ್ತೆ ತೆರೆಯುವಷ್ಟರಲ್ಲಿ ಹೂಮಳೆ ಬಿದ್ದಾಗಿತ್ತು. ತಂಡದಲ್ಲಿ ಯಾರಿಗೂ ಜ್ವರ ಬರಲಿಲ್ಲ.

ಕಾರ್ಡ್‌ಗಳಲ್ಲಿ ಸಿಕ್ಕಿದ್ದು

ನಡುವಿನ ಬ್ಲಾಕ್‌ನ ನೆತ್ತಿ ಕ್ಯಾಮೆರಾಗಳು ಕೈಹಿಡಿದವು. ಸೀಳುನಾಯಿ, ಕಾಟಿ, ಕಡವೆ, ಚಿರತೆ. ಅಣ್ಣ ತೋರಿಸಿದ ಸಂದಿನಲ್ಲಿ ಒಂದು ಹುಲಿಯ ಬಲ ಮಗ್ಗುಲು ಸಿಕ್ಕಿತು. ಎಡ ಮಗ್ಗುಲು ಇಲ್ಲ. ಆ ಬದಿಯ ಕ್ಯಾಮೆರಾವನ್ನು ಆನೆ ಕಿತ್ತು ಕೆಳಗೆ ಹಾಕಿತ್ತು. ಅದರ ಕೊನೆಯ ಚಿತ್ರದಲ್ಲಿ ಸೊಂಡಿಲ ತುದಿ ಮಾತ್ರ.

ಮೇಲಿನ ಬ್ಲಾಕ್‌ನ ಶೋಲಾ ಅಂಚಿನಲ್ಲೂ ಒಂದು ಹುಲಿ, ಎಡ ಮಗ್ಗುಲು ಮಾತ್ರ. ಅಲ್ಲಿನ ಜೋಡಿ ಕ್ಯಾಮೆರಾ ಕಟ್ಟಿದ ಹೊಸದರಲ್ಲೇ ತುಂಬಿ ಹೋಗಿತ್ತು. ಅದು ಬ್ಯಾಣದ ಕಡೆ ಮುಖ ಮಾಡಿತ್ತು. ಈ ಕ್ಯಾಮೆರಾಗಳು ಬಿಸಿಯ ವ್ಯತ್ಯಾಸ ಚಲಿಸಿದಾಗ ಚಿತ್ರ ತೆಗೆಯುತ್ತವೆ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲ್ಲಾಡಿದರೂ ಸಾಕು. ಕಾರ್ಡ್ ತುಂಬ ಹುಲ್ಲು, ಬರೀ ಹುಲ್ಲು. ಮಾಮೂಲಿ ಸುತ್ತಿನಲ್ಲಿ ಯಾರಾದರೂ ಹೋಗಿದ್ದರೆ ಕಾರ್ಡ್ ಬದಲಿಸಿ, ಮುಖ ತಿರುಗಿಸಿ ಬರುತ್ತಿದ್ದರು. ಕೆಲಸ ನಿಲ್ಲಿಸಿದ್ದಕ್ಕೆ ತೆತ್ತ ಬೆಲೆ ಇದು.

ಈಗ ಹುಲಿ ಒಂದೋ ಎರಡೋ? ಬಲ ಮಗ್ಗುಲನ್ನೂ ಎಡ ಮಗ್ಗುಲನ್ನೂ ಪಕ್ಕದಲ್ಲಿಟ್ಟು ಹೋಲಿಸಲು ಬರುವುದಿಲ್ಲ. ಎರಡು ಅಂತ ಬರೆಯಲು ಆಸೆ ಇದ್ದವರು ಹಲವರು. "ಕನಿಷ್ಠ ಒಂದು" ಅಂತ ಬರೆದೆವು.

ಕರಿಚಿರತೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಘಟ್ಟದ ತೇವದ ಕಾಡುಗಳಲ್ಲಿ ಅದು ಅಪರೂಪವೇನಲ್ಲ. ಬಿಳಿ ಫ್ಲ್ಯಾಶ್ ಇದ್ದ ಕ್ಯಾಮೆರಾಗಳಲ್ಲಿ ಅದು ಕಪ್ಪು ಮುದ್ದೆಯಾಗಿ ಬಿತ್ತು, ಯಾವುದು ಅಂತ ಗುರುತಿಸಲಾಗಲಿಲ್ಲ. ಇನ್‌ಫ್ರಾರೆಡ್ ಇದ್ದ ಒಂದರಲ್ಲಿ ಮಾತ್ರ ಚರ್ಮದೊಳಗಿನ ಚುಕ್ಕೆಗಳೆಲ್ಲ ಎದ್ದು ಕಂಡವು. ಎರಡು ಬಗೆಯ ಕ್ಯಾಮೆರಾ ಬೆರೆತಿದ್ದು ಬೇಕೆಂದು ಮಾಡಿದ್ದಲ್ಲ, ಇದ್ದದ್ದನ್ನು ಬಳಸಿದ್ದು.

ಲೈನ್‌ಗಳಿಂದ ಸಾಂದ್ರತೆಯ ಅಂಕೆ ಹೊರಡಲಿಲ್ಲ. ನಂಬುವಂಥ ಲೆಕ್ಕಕ್ಕೆ ಒಂದು ಪ್ರಾಣಿ 60ರಿಂದ 80 ಸಲ ಕಾಣಬೇಕು ಅನ್ನುವುದು ಸಾಮಾನ್ಯ ಅಳತೆ. ನಮ್ಮ ಕಡವೆ, ಕಾಡುಕುರಿ ಅದರ ಹತ್ತಿರಕ್ಕೂ ಬರಲಿಲ್ಲ. ಅದಕ್ಕೆ ಬದಲಾಗಿ ಕುರುಹು ನಡಿಗೆ ನೆರವಿಗೆ ಬಂತು. ಒಂದೇ ದಾರಿಯನ್ನು ತುಂಡು ಮಾಡಿಕೊಂಡು ಮತ್ತೆ ಮತ್ತೆ ನಡೆದದ್ದರಿಂದ, ಇದ್ದೂ ಕಣ್ಣಿಗೆ ಬೀಳದಿರುವ ಸಾಧ್ಯತೆ ಎಷ್ಟು ಅಂತ ಅಂದಾಜಿಸಬಹುದಿತ್ತು. ವಲಯದ ಎಷ್ಟು ಭಾಗವನ್ನು ಕಡವೆ ಬಳಸುತ್ತಿದೆ ಅನ್ನುವುದಕ್ಕೆ ಉತ್ತರ ಸಿಕ್ಕಿತು. ಎಷ್ಟು ಕಡವೆ ಇವೆ ಅನ್ನುವುದಕ್ಕೆ ಸಿಗಲಿಲ್ಲ. ಲೈನ್‌ಗಳನ್ನು ನೆತ್ತಿಗೆ ಸರಿಸಿದ್ದರೆ ನೋಟಗಳು ಹೆಚ್ಚುತ್ತಿದ್ದವು, ಒಂದು ಚೆಂದದ ಅಂಕೆಯೂ ಹೊರಡುತ್ತಿತ್ತೇನೋ. ಆ ಅಂಕೆ ಇಟ್ಟುಕೊಂಡು ಮುಂದಿನ ವರ್ಷ "ಕಡವೆ ಕಡಿಮೆಯಾಗಿದೆ" ಅಂತ ಯಾರಾದರೂ ಬರೆದಿದ್ದರೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು.

ವರದಿ ಮತ್ತು ಮುಂದಿನ ಋತು

ಕೊನೆಯ ಜಟಾಪಟಿ ವರದಿಯ ಕೋಷ್ಟಕದ್ದು. ಕೆಳಗಿನ ಬ್ಲಾಕ್‌ನಲ್ಲಿ ಎರಡನೆಯ ಸುತ್ತು ನಡೆಯದ ಲೈನ್‌ಗಳ ಮುಂದೆ ಕಚೇರಿಯಲ್ಲಿ ಟೈಪ್ ಮಾಡಿದವರು 0 ಹಾಕಿದ್ದರು. ತಂತ್ರಾಂಶ ಖಾಲಿ ಜಾಗ ಒಪ್ಪುವುದಿಲ್ಲ ಅನ್ನುವುದು ಅವರ ಸಮಸ್ಯೆ. ನಡುವಿನ ಬ್ಲಾಕ್‌ನ 0 ಅಂದರೆ ಬೆಳಿಗ್ಗೆ ಎದ್ದು, ನಡೆದು, ನೋಡಿ, ಕಾಣಲಿಲ್ಲ ಅಂತ. ಕೆಳಗಿನದರ 0 ಅಂದರೆ ಯಾರೂ ಹೋಗೇ ಇಲ್ಲ ಅಂತ. ಎರಡೂ ಒಂದೇ ಕಾಲಂನಲ್ಲಿ ಕೂತರೆ, ಕಾಯಿಲೆ ಬಂದ ವರ್ಷ ಕಡವೆಯೂ ಮಾಯವಾದ ಹಾಗೆ ಕಾಣುತ್ತದೆ. ಜೀವಶಾಸ್ತ್ರಜ್ಞೆ ಹಟ ಹಿಡಿದು ಇನ್ನೊಂದು ಕಾಲಂ ಸೇರಿಸಿ ಪ್ರತಿ ಲೈನ್ ಎದುರು ನಡೆದ ಕಿಲೋಮೀಟರ್ ಬರೆಸಿದರು. ನಡೆಯದ ಕಡೆ "ನಡೆದಿಲ್ಲ" ಅಂತ ಅಕ್ಷರದಲ್ಲೇ.

ಮುಂದಿನ ಋತುವಿಗೆ ಕ್ರಮ ಹಿಂದುಮುಂದಾಯಿತು. ಉಣುಗು ಜೋರಾಗುವ ಮೊದಲೇ, ಹಳ್ಳ ಇಳಿದ ಕೂಡಲೇ ಕೆಳಗಿನ ಬ್ಲಾಕ್‌ನ ಲೈನ್‌ಗಳು. ಆಮೇಲೆ ನಡುವಿನದು, ಮೇಲಿನದು. ಬ್ಯಾಣದ ಅಂಚಿನ ಕ್ಯಾಮೆರಾಗಳು ಶೋಲಾದ ಒಳಕ್ಕೆ ಸರಿದವು. ಎದುರಿನ ಹುಲ್ಲು ಸವರುವುದು ಕಟ್ಟುವವರ ಪಟ್ಟಿಗೆ ಸೇರಿತು. ಇನ್‌ಫ್ರಾರೆಡ್ ಇದ್ದಷ್ಟನ್ನೂ ಕರಿಚಿರತೆ ಸಿಕ್ಕ ಚೌಕಗಳಿಗೆ ಕೊಟ್ಟರು. ಲೈನ್‌ಗಳು ಅಲ್ಲೇ ಇವೆ, ಅದೇ ಇಳಿಜಾರಿನಲ್ಲಿ, ಅದೇ ಬೆತ್ತದ ನಡುವೆ. ಮೊದಲ ದಿನ ಅಣ್ಣ ಹೊಸ ಹುಡುಗರಿಗೆ ಲೈನ್ ತೋರಿಸುತ್ತಾ, "ಇಲ್ಲಿ ಏನೂ ಕಾಣಲ್ಲ, ಆದ್ರೂ ಇಲ್ಲೇ ನಡೀಬೇಕು. ಯಾಕೆ ಅಂತ ಮೇಡಂ ಕೇಳಿ" ಅಂದರಂತೆ.